ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕಾ? ಆರ್‌ವಿಯೊಳಗೆ ಗ್ಯಾಸ್ ಫರ್ನೇಸ್ ಕೂರಿಸುವ ಮುನ್ನ ತಿಳಿಯಬೇಕಾದದ್ದು

ಕಳೆದ ಚಳಿಗಾಲದಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬಂತು. ಅಮೆರಿಕದ ಕೊಲರಾಡೊದಲ್ಲಿರುವ ಅಣ್ಣ, ಅಂದರೆ ನನ್ನ ದೊಡ್ಡಮ್ಮನ ಮಗ, ಸೆಕೆಂಡ್ ಹ್ಯಾಂಡ್ ಆರ್‌ವಿಯೊಂದನ್ನು ಕೊಂಡಿದ್ದ. ಆರ್‌ವಿ ಎಂದರೆ ಹಾಸಿಗೆ, ಅಡುಗೆ ಕಟ್ಟೆ, ಬಚ್ಚಲು ಎಲ್ಲವೂ ಇರುವ, ಚಕ್ರದ ಮೇಲಿನ ಮನೆ. ಅಲ್ಲಿನ ಕನ್ನಡದ ಕುಟುಂಬಗಳೂ ರಜೆ ಬಂದರೆ ಇದನ್ನು ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಕಡೆ ಹೊರಡುವುದುಂಟು. ಅಣ್ಣನ ಗಾಡಿಯ ಹಳೇ ಫರ್ನೇಸ್ ಕೆಟ್ಟಿತ್ತು. ಹೊಸದನ್ನು ತಾನೇ ಕೂರಿಸುತ್ತೇನೆ, ಅಲ್ಲಿಯವರೆಗೆ ಒಂದು ಚಿಕ್ಕ ಗ್ಯಾಸ್ ಹೀಟರ್ ಇಟ್ಟುಕೊಂಡರಾಯಿತು ಎಂದು ಬರೆದಿದ್ದ.

ಗ್ರೂಪು ಸುಮ್ಮನಿರುತ್ತದೆಯೇ? ಹತ್ತು ನಿಮಿಷದಲ್ಲಿ ಸಲಹೆಗಳ ಸುರಿಮಳೆ. ಕಿಟಕಿ ಎರಡು ಬೆರಳಷ್ಟು ತೆರೆದಿಡು, ಏನೂ ಆಗಲ್ಲ. ಗ್ಯಾಸ್ ಸೋರಿದರೆ ವಾಸನೆ ಬಂದೇ ಬರುತ್ತೆ, ಹೆದರಬೇಡ. ಪಕ್ಕದಲ್ಲಿ ಬಕೆಟ್ ನೀರಿಡು, ವಿಷಗಾಳಿ ಹೀರಿಕೊಳ್ಳುತ್ತೆ. ಒಂದು ಮೇಣದಬತ್ತಿ ಹಚ್ಚಿಡು, ಅದು ಉರೀತಿದ್ದರೆ ಗಾಳಿ ಚೆನ್ನಾಗಿದೆ ಅಂತ ಅರ್ಥ. ಇದರಲ್ಲಿ ಅರ್ಧದಷ್ಟು ಬೇರೆ ಗ್ರೂಪುಗಳಿಂದ ಬಂದ ಫಾರ್ವರ್ಡ್‌ಗಳು. ಹಾಸನದಲ್ಲಿರುವ ದೊಡ್ಡಮ್ಮ ಮಾತ್ರ ಒಂದು ಪ್ರಶ್ನೆ ಕೇಳಿದರು: "ಅದು ನಮ್ಮನೆ ಬಚ್ಚಲಿನ ಗ್ಯಾಸ್ ಗೀಸರ್ ಥರಾನೇ ಅಲ್ವೇನೋ? ಅದರ ಹೊಗೆ ಎಲ್ಲಿಗೆ ಹೋಗುತ್ತೆ?" ಅಣ್ಣ, "ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ" ಎಂದು ಉತ್ತರಿಸಿ ನಗುವ ಇಮೋಜಿ ಹಾಕಿದ.

ಅಂದು ಬಂದ ಮಾತುಗಳಲ್ಲೆಲ್ಲ ಸರಿಯಾದ ಪ್ರಶ್ನೆ ದೊಡ್ಡಮ್ಮನದೇ. ಬೆಂಕಿ ಎಲ್ಲಿಂದ ಗಾಳಿ ತೆಗೆದುಕೊಳ್ಳುತ್ತದೆ, ಉರಿದ ಮೇಲೆ ಎಲ್ಲಿಗೆ ಬಿಡುತ್ತದೆ? ಫರ್ನೇಸ್ ಕೂರಿಸುವ ನಿಯಮಗಳಲ್ಲಿ ಬಹುಪಾಲು ಈ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೇ.

ಅಪಾಯ ಒಂದಲ್ಲ, ಎರಡು

ಗ್ಯಾಸ್ ಎಂದರೆ ನಮ್ಮ ತಲೆಗೆ ಬರುವುದು ಸೋರಿಕೆ, ವಾಸನೆ, ಸ್ಫೋಟ. ಫಾರ್ವರ್ಡ್‌ಗಳೂ ಇದರ ಸುತ್ತವೇ ಸುತ್ತುತ್ತವೆ. ಆದರೆ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಅನಿಲಗಳು ಎರಡು, ಅವುಗಳ ಗುಣವೂ ಬೇರೆ ಬೇರೆ.

ಮೊದಲನೆಯದು ಪ್ರೊಪೇನ್, ಅಂದರೆ ಉರಿಸುವ ಇಂಧನ. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿ ಪ್ರೊಪೇನ್ ಮತ್ತು ಬ್ಯುಟೇನ್ ಎರಡೂ ಬೆರೆತಿರುತ್ತವೆ. ಬ್ಯುಟೇನ್ ಅನಿಲವಾಗುವುದು ಸುಮಾರು ಮೈನಸ್ 0.5 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಿಮ ಬೀಳುವ ಊರಿನಲ್ಲಿ ಹೊರಗಿಟ್ಟ ಸಿಲಿಂಡರಿನೊಳಗೆ ಅದು ದ್ರವವಾಗಿಯೇ ಕೂತುಬಿಡುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಅನಿಲವಾಗುತ್ತಿರುತ್ತದೆ. ಚಳಿದೇಶದ ಆರ್‌ವಿಗಳಲ್ಲಿ ಅದನ್ನೇ ಬಳಸುವುದು ಇದಕ್ಕೆ. ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ, ಸೋರಿದರೆ ಕೆಳಗಿಳಿದು ನೆಲದ ಮೇಲೆ ಹರಡುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇ 2ರಿಂದ ಶೇ 9.5ರ ನಡುವೆ ಇದ್ದಾಗ ಒಂದು ಕಿಡಿ ಸಾಕು. ಪ್ರೊಪೇನ್‌ಗೆ ಸ್ವಂತ ವಾಸನೆ ಇಲ್ಲ. ನಮಗೆ ಬಡಿಯುವ ಆ ಕೆಟ್ಟ ನಾತ ಬೇಕೆಂದೇ ಬೆರೆಸಿದ ಮರ್‌ಕ್ಯಾಪ್ಟಾನ್ ಎಂಬ ರಾಸಾಯನಿಕದ್ದು.

ಎರಡನೆಯದು ಕಾರ್ಬನ್ ಮಾನಾಕ್ಸೈಡ್. ಇದು ಸಿಲಿಂಡರಿನಲ್ಲಿ ಇರುವುದೇ ಇಲ್ಲ. ಇಂಧನ ಸರಿಯಾಗಿ, ಪೂರ್ತಿಯಾಗಿ ಉರಿಯದಿದ್ದಾಗ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಮರ್‌ಕ್ಯಾಪ್ಟಾನ್ ಬೆಂಕಿಯಲ್ಲಿ ಉರಿದುಹೋಗುವುದರಿಂದ ಅದರ ಸುಳಿವೂ ಸಿಗುವುದಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಆಮ್ಲಜನಕ ಕಣ್ಣೆದುರೇ ಇದ್ದರೂ ಕೂರಲು ಜಾಗ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಹೇಳುವಂತೆ, ಬೆಂಕಿ ಅನಾಹುತಗಳನ್ನು ಬಿಟ್ಟು, ಆಕಸ್ಮಿಕವಾಗಿ ಈ ಅನಿಲ ಸೇವಿಸಿಯೇ ಅಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಸಾಯುತ್ತಾರೆ.

ಈಗ ಫಾರ್ವರ್ಡ್‌ಗಳನ್ನು ನೋಡೋಣ. "ವಾಸನೆ ಬಂದೇ ಬರುತ್ತೆ" ಎಂಬ ಮಾತು ಮೊದಲನೆಯ ಅನಿಲಕ್ಕೆ ಮಟ್ಟಿಗೆ ನಿಜ, ಎರಡನೆಯದಕ್ಕೆ ಶುದ್ಧ ಸುಳ್ಳು. ಬಕೆಟ್ ನೀರು? ಕಾರ್ಬನ್ ಮಾನಾಕ್ಸೈಡ್ ನೀರಿನಲ್ಲಿ ಕರಗುವುದು ತೀರಾ ಅತ್ಯಲ್ಪ. ಆ ನೀರಿನಿಂದ ಮುಖ ತೊಳೆಯಬಹುದು, ಅಷ್ಟೆ. ಮೇಣದಬತ್ತಿಯ ಲೆಕ್ಕ ಸ್ವಲ್ಪ ಬಿಡಿಸಿ ನೋಡಬೇಕು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 400 ಭಾಗ, ಅಂದರೆ 400 ಪಿಪಿಎಂ ಕಾರ್ಬನ್ ಮಾನಾಕ್ಸೈಡ್ ಇದ್ದರೆ, ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೇ ಕುತ್ತು. ಶೇಕಡಾವಾರಿನಲ್ಲಿ ಅದು ಬರೀ 0.04. ಅಷ್ಟು ಬೆರೆತರೂ ಗಾಳಿಯಲ್ಲಿ ಆಮ್ಲಜನಕ ಶೇ 21ರ ಆಸುಪಾಸಿನಲ್ಲೇ ಇರಬಹುದು. ಮೇಣದಬತ್ತಿಗೆ ಬೇಕಿರುವುದು ಆಮ್ಲಜನಕ ಮಾತ್ರ, ಅದಕ್ಕೆ ರಕ್ತವಿಲ್ಲವಲ್ಲ. ಪಕ್ಕದಲ್ಲಿ ಮಲಗಿದವರು ಪ್ರಜ್ಞೆ ತಪ್ಪಿದರೂ ಅದು ಚೆಂದವಾಗಿ ಉರಿಯುತ್ತಿರುತ್ತದೆ.

ಕಿಟಕಿಯ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಹೀಟರ್‌ಗೂ ಫರ್ನೇಸ್‌ಗೂ ಇರುವ ವ್ಯತ್ಯಾಸ ಹೇಳಬೇಕು.

ಒಂದು ಮೋಟರು, ಎರಡು ಗಾಳಿ

ಅಣ್ಣ ತಾತ್ಕಾಲಿಕಕ್ಕೆ ಇಡಲು ಹೊರಟಿದ್ದ ಚಿಕ್ಕ ಹೀಟರ್ ಕೋಣೆಯ ಗಾಳಿಯನ್ನೇ ತೆಗೆದುಕೊಂಡು ಉರಿದು, ಉರಿದದ್ದನ್ನೆಲ್ಲ ಕೋಣೆಗೇ ಬಿಡುತ್ತದೆ. ಬಚ್ಚಲಮನೆಯೊಳಗೆ ಹಾಕಿದ, ಹೊಗೆ ಕೊಳವೆಯಿಲ್ಲದ ಗ್ಯಾಸ್ ಗೀಸರ್ ಮಾಡುವುದೂ ಇದನ್ನೇ. ದೊಡ್ಡಮ್ಮನ ಹೋಲಿಕೆ ಇಲ್ಲಿ ಅಕ್ಷರಶಃ ಸರಿ. ಇಂಥ ಹೀಟರ್‌ಗಳಲ್ಲಿ ಸಾಮಾನ್ಯವಾಗಿ ಆಮ್ಲಜನಕ ಸುಮಾರು ಶೇ 18ಕ್ಕೆ ಇಳಿದರೆ ತಾನೇ ಆರಿಹೋಗುವ ಸೆನ್ಸರ್ ಇರುತ್ತದೆ. ಜಾಹೀರಾತಿನಲ್ಲಿ ಅದನ್ನು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಆದರೆ ಆ ಸೆನ್ಸರ್ ಅಳೆಯುವುದು ಆಮ್ಲಜನಕವನ್ನು, ಕಾರ್ಬನ್ ಮಾನಾಕ್ಸೈಡನ್ನಲ್ಲ. ಇನ್ನೊಂದು ತಾಪತ್ರಯವೂ ಇದೆ. ಒಂದು ಕಿಲೊ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೊ ನೀರಿನ ಆವಿ ಹುಟ್ಟುತ್ತದೆ. ಕೊಳವೆಯಿಲ್ಲದ ಹೀಟರಿನಲ್ಲಿ ಅಷ್ಟೂ ಒಳಗೇ ಉಳಿದು, ಬೆಳಗಾಗುವಷ್ಟರಲ್ಲಿ ಕಿಟಕಿ, ಗೋಡೆ, ಹಾಸಿಗೆಯ ಅಡಿ ಎಲ್ಲ ಒದ್ದೆ.

ಆರ್‌ವಿ ಫರ್ನೇಸಿನ ವಿನ್ಯಾಸ ಪೂರ್ತಿ ಬೇರೆ. ಒಳಗೆ ಒಂದೇ ಮೋಟರು, ಅದಕ್ಕೆ ಎರಡು ಫ್ಯಾನ್ ಚಕ್ರಗಳು. ಒಂದು ಚಕ್ರ ಗೋಡೆಯ ಆಚೆಯಿಂದ ಗಾಳಿ ಎಳೆದು, ಬೆಂಕಿಗೆ ಕೊಟ್ಟು, ಉರಿದ ಹೊಗೆಯನ್ನು ಗೋಡೆಯಾಚೆಗೇ ತಳ್ಳುತ್ತದೆ. ಇನ್ನೊಂದು ಚಕ್ರ ಒಳಗಿನ ಗಾಳಿಯನ್ನು ಎಳೆದು, ಬಿಸಿಯಾದ ಲೋಹದ ಗೂಡಿನ ಹೊರಮೈ ಸವರಿಸಿ, ಮತ್ತೆ ಒಳಕ್ಕೇ ಬಿಡುತ್ತದೆ. ಆ ಗೂಡಿಗೆ ಹೀಟ್ ಎಕ್ಸ್‌ಚೇಂಜರ್ ಎನ್ನುತ್ತಾರೆ. ಶಾಖ ಲೋಹವನ್ನು ದಾಟುತ್ತದೆ, ಹೊಗೆ ದಾಟುವುದಿಲ್ಲ. ಈ ಎರಡು ಗಾಳಿಗಳು ಎಂದೂ ಭೇಟಿಯಾಗಬಾರದು. ಫರ್ನೇಸ್ ಕೂರಿಸುವುದೆಂದರೆ ಆ ಬೇಲಿಯನ್ನು ಮುರಿಯದಂತೆ ಕೂರಿಸುವುದು.

ಹಾಗಾದರೆ ಕಿಟಕಿ? ಕೊಳವೆಯಿಲ್ಲದ ಹೀಟರಿನ ತಯಾರಕರೇ ಗಾಳಿಕಿಂಡಿ ಬಿಡಿ ಎನ್ನುತ್ತಾರೆ, ನಿಜ. ಆದರೆ ಎರಡು ಬೆರಳ ಸಂದಿನಿಂದ ಎಷ್ಟು ಗಾಳಿ ಬಂತು, ಯಾವ ಕಡೆಯಿಂದ ಬೀಸಿತು ಎಂಬುದಕ್ಕೆ ಅಳತೆಯಿಲ್ಲ. ಹೊರಗೆ ಮೈನಸ್ ಹತ್ತು ಡಿಗ್ರಿ ಇದ್ದರೆ ರಾತ್ರಿ ಯಾರೋ ಒಬ್ಬರು ಎದ್ದು ಅದನ್ನು ಮುಚ್ಚಿಯೇ ಮುಚ್ಚುತ್ತಾರೆ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಗುಡ್ಡದೂರಿಗೆ ಹೋಗಿದ್ದ ಕೇರಳದ ಪ್ರವಾಸಿಗರು ರೆಸಾರ್ಟಿನ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ, ಕಿಟಕಿ ಬಾಗಿಲು ಹಾಕಿಕೊಂಡು ಮಲಗಿದ್ದರು. ಎಂಟು ಜನ ಏಳಲಿಲ್ಲ, ಅವರಲ್ಲಿ ನಾಲ್ವರು ಮಕ್ಕಳು. ಚಳಿಗೆ ಕಿಟಕಿ ಮುಚ್ಚುವುದು ಮನುಷ್ಯ ಸಹಜ. ಸುರಕ್ಷತೆ ಅದನ್ನು ನೆಚ್ಚಿಕೊಂಡಿರಬಾರದು.

ಕೂರಿಸುವಾಗ ಎಲ್ಲೆಲ್ಲಿ ತಪ್ಪುತ್ತದೆ

ಮೊದಲ ತಪ್ಪು ಕೊಳ್ಳುವಾಗಲೇ ಆಗುತ್ತದೆ. ಮನೆಗೆಂದು ಮಾಡಿದ ಫರ್ನೇಸನ್ನು ಅಗ್ಗಕ್ಕೆ ಸಿಕ್ಕಿತೆಂದು ಗಾಡಿಗೆ ಹಾಕುವಂತಿಲ್ಲ. ಓಡುವ ಗಾಡಿಯ ಕುಲುಕಾಟ, 12 ವೋಲ್ಟ್ ಬ್ಯಾಟರಿ, ಪಕ್ಕದ ಗೋಡೆಯಿಂದಲೇ ಉಸಿರಾಟ, ಇವೆಲ್ಲ ಅದರ ಲೆಕ್ಕದಲ್ಲಿಲ್ಲ. ಆರ್‌ವಿಗೆ ಎಂದು ಪ್ರಮಾಣೀಕರಿಸಿದ್ದೇ ಬೇಕು. ಎರಡನೆಯದು, ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆ. ಆರ್‌ವಿ ಫರ್ನೇಸ್‌ಗಳು ಸಾಮಾನ್ಯವಾಗಿ ಗಂಟೆಗೆ 20 ಸಾವಿರದಿಂದ 40 ಸಾವಿರ ಬಿಟಿಯು ಶಾಖದವು. 30 ಸಾವಿರದ್ದು ಎಡೆಬಿಡದೆ ಉರಿದರೆ ಗಂಟೆಗೆ ಸುಮಾರು 630 ಗ್ರಾಂ ಪ್ರೊಪೇನ್ ಬೇಕು, ಅಲ್ಲಿನ 9 ಕಿಲೊ ಸಿಲಿಂಡರ್ ಹದಿನಾಲ್ಕು ಗಂಟೆಗೆ ಖಾಲಿ. ಗ್ಯಾಸಿನ ಖರ್ಚಿಗಿಂತ ಮುಖ್ಯವಾದದ್ದು ಬಿಸಿಗಾಳಿಯ ದಾರಿ. ಫರ್ನೇಸಿನ ಶಕ್ತಿಗೆ ತಕ್ಕಷ್ಟು ಅಗಲದ ಡಕ್ಟ್‌ಗಳು, ಒಳಗಾಳಿ ಮರಳಿ ಬರಲು ತಕ್ಕಷ್ಟು ತೆರಪು ಇರಲೇಬೇಕು. ಇಲ್ಲದಿದ್ದರೆ ಹೀಟ್ ಎಕ್ಸ್‌ಚೇಂಜರ್ ಮಿತಿಮೀರಿ ಕಾದು, ಶಾಖ ಮಿತಿಯ ಸ್ವಿಚ್ ಆರಿಸಿ, ತಣಿದು, ಮತ್ತೆ ಕಾಯುತ್ತದೆ. ವರ್ಷಗಟ್ಟಲೆ ಹೀಗೇ ಕಾದು ತಣಿದ ಲೋಹ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ದಿನ ಆ ಎರಡು ಗಾಳಿಗಳ ನಡುವಿನ ಬೇಲಿ ಮುರಿಯಿತು. ಹೊರಗೆ ಬಟ್ಟೆಯ ಚೀಲವನ್ನು ಗಾಳಿಕಿಂಡಿಗೆ ಒತ್ತಿ ಇಟ್ಟರೂ ಆಗುವುದು ಇದೇ, ಸ್ವಲ್ಪ ನಿಧಾನವಾಗಿ ಮಾತ್ರ.

ಹೊಗೆ ಕೊಳವೆ ಪಕ್ಕದ ಗೋಡೆಯಿಂದ ನೇರವಾಗಿ ಬಯಲಿಗೆ ಹೋಗಬೇಕು. ಗಾಡಿಯ ಅಡಿಗೆ ಬಿಟ್ಟರೆ ನೆಲದ ತೂತುಗಳಿಂದ ಒಳಗೆ ಬರುತ್ತದೆ. ಗೋಡೆಯ ದಪ್ಪಕ್ಕೆ ಸರಿಹೊಂದುವ ಕೊಳವೆಯನ್ನು ತಯಾರಕರೇ ಕೊಡುತ್ತಾರೆ. ಉದ್ದ ಸಾಲದಿದ್ದಾಗ ಬೇರೆ ಕೊಳವೆ ತುಂಡು ಸೇರಿಸಿ ಟೇಪ್ ಸುತ್ತುವ ಜಾಣತನ ಬೇಡ. ಮೇಲೆ ತೆರೆಯುವ ಕಿಟಕಿ ಇರಬಾರದು, ಗಾಡಿಯ ಬದಿಯಿಂದ ಹೊರಚಾಚುವ ಭಾಗ ಅಥವಾ ಚಪ್ಪರದ ಬಟ್ಟೆ ಅದಕ್ಕೆ ಅಡ್ಡ ಬರಬಾರದು. ಹಿಮ ಬಿದ್ದರೆ ಬೆಳಿಗ್ಗೆ ಎದ್ದು ಆ ಬಾಯಿ ಬಿಡಿಸಿಕೊಂಡು ಬರಬೇಕು. ಬೇಸಿಗೆಯಲ್ಲಿ ಗಾಡಿ ಸುಮ್ಮನೆ ನಿಂತಾಗ ಮಣ್ಣಿನ ಗೂಡು ಕಟ್ಟುವ ಕಣಜಗಳು ಈ ಕೊಳವೆಯೊಳಗೆ ಸಂಸಾರ ಹೂಡುತ್ತವೆ. ಚಳಿಗಾಲದ ಮೊದಲ ದಿನ ಫರ್ನೇಸ್ ಹಚ್ಚುವ ಮುನ್ನ ಟಾರ್ಚ್ ಹಾಕಿ ನೋಡುವುದು ಅದಕ್ಕೇ.

ಗ್ಯಾಸ್ ಜೋಡಣೆಯಲ್ಲಿ ನಲ್ಲಿ ಕೆಲಸದ ಅನುಭವ ದಾರಿ ತಪ್ಪಿಸುತ್ತದೆ. ತಾಮ್ರದ ಕೊಳವೆಯ ತುದಿಯನ್ನು ಅರಳಿಸಿ ಹಿತ್ತಾಳೆಯ ನಟ್ಟಿನಿಂದ ಬಿಗಿಯುವ ಜೋಡಣೆಗೆ ಫ್ಲೇರ್ ಎನ್ನುತ್ತಾರೆ. ಅಲ್ಲಿ ಲೋಹಕ್ಕೆ ಲೋಹ ಕೂತು ಸೋರಿಕೆ ತಡೆಯುತ್ತದೆ, ಹಾಗಾಗಿ ಟೇಪ್ ಸುತ್ತಬಾರದು. ಸುತ್ತಿದರೆ ಸೋರುವ ಸಾಧ್ಯತೆಯೇ ಹೆಚ್ಚು. ಮರೆಯೇ ಗಟ್ಟಿ ಹಿಡಿಯುವ ಪೈಪ್ ಜೋಡಣೆಗೆ ಮಾತ್ರ, ಅದೂ ಗ್ಯಾಸಿಗೆಂದೇ ಮಾಡಿದ ಸೀಲೆಂಟ್. ಕೊಳವೆ ತಗಡಿನ ತೂತಿನಲ್ಲಿ ಹಾದುಹೋಗುವಲ್ಲಿ ರಬ್ಬರ್ ಬಳೆ ಹಾಕದಿದ್ದರೆ, ಸಾವಿರಾರು ಮೈಲಿಯ ಕುಲುಕಾಟದಲ್ಲಿ ತಗಡು ತಾಮ್ರವನ್ನು ಗರಗಸದಂತೆ ಕೊಯ್ಯುತ್ತದೆ.

ರೆಗ್ಯುಲೇಟರ್ ಬಿಡುವ ಒತ್ತಡ 11 ಇಂಚು ನೀರಿನ ಮಟ್ಟದ್ದು, ಅಂದರೆ ಕೊಳವೆಯಲ್ಲಿ ನೀರನ್ನು 11 ಇಂಚು ಮೇಲೆತ್ತುವಷ್ಟು ಮಾತ್ರ. ನಮ್ಮ ಅಡುಗೆಮನೆಯ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಕಡಿಮೆಯಾದರೂ ಹೆಚ್ಚಾದರೂ ಉರಿ ಕೆಡುತ್ತದೆ, ಉರಿ ಕೆಟ್ಟರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಆದ್ದರಿಂದ ಇದನ್ನು ಮಾನೋಮೀಟರ್ ಇಟ್ಟು ಅಳೆಯಬೇಕು, ಅಂದಾಜಿಗೆ ಬಿಡುವಂತಿಲ್ಲ. ಸೋರಿಕೆ ನೋಡಲು ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುವುದು ಒಳ್ಳೆಯ ಹಳೇ ವಿಧಾನ. ಅಮೋನಿಯಾ, ಕ್ಲೋರಿನ್ ಇರುವ ಕ್ಲೀನರ್ ಬೇಡ, ಹಿತ್ತಾಳೆಯನ್ನು ತಿನ್ನುತ್ತದೆ. ಕಡ್ಡಿ ಗೀರಿ ನೋಡುವವರು ಇವತ್ತಿಗೂ ಇದ್ದಾರೆ. ಅವರಿಗೆ ಏನು ಹೇಳುವುದು?

ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಒಂದು ಸಣ್ಣ ವೈರಿನ ತುಂಡು. ಥರ್ಮೋಸ್ಟಾಟ್ ಕರೆದಾಗ ಫರ್ನೇಸಿನಲ್ಲಿ ಮೊದಲು ತಿರುಗುವುದು ಫ್ಯಾನ್. ಕೆಲ ಸೆಕೆಂಡುಗಳ ಕಾಲ ಗೂಡಿನಲ್ಲಿ ಉಳಿದ ಹಳೇ ಗ್ಯಾಸನ್ನು ಹೊರಗೆ ತಳ್ಳುತ್ತದೆ. ಗಾಳಿಯ ರಭಸ ಸಾಕಷ್ಟಿದ್ದರೆ ಹಾಯಿಯಂಥ ಒಂದು ತಗಡು ಸರಿದು ಸೇಲ್ ಸ್ವಿಚ್ ಮುಚ್ಚುತ್ತದೆ. ಆಮೇಲೆಯೇ ಗ್ಯಾಸ್, ಆಮೇಲೆ ಕಿಡಿ. ಬ್ಯಾಟರಿ ಸೋತಿದ್ದರೆ ಫ್ಯಾನ್ ನಿಧಾನ, ಸ್ವಿಚ್ ಮುಚ್ಚುವುದಿಲ್ಲ, ಫರ್ನೇಸ್ ಹತ್ತುವುದಿಲ್ಲ. ನಡುರಾತ್ರಿ ಚಳಿಯಲ್ಲಿ ನಡುಗುತ್ತಿರುವವರಿಗೆ ಇದು "ಹಾಳಾದ ಸ್ವಿಚ್" ಎನಿಸುತ್ತದೆ. ಒಂದು ವೈರಿನಿಂದ ಅದನ್ನು ದಾಟಿಸಿದರೆ ಫರ್ನೇಸ್ ಹತ್ತಿಯೂ ಹತ್ತುತ್ತದೆ. ಆದರೆ ಆ ಸ್ವಿಚ್ ಕೇಳುತ್ತಿದ್ದದ್ದು "ಬೆಂಕಿಗೆ ಉಸಿರು ಇದೆಯೇ?" ಎಂಬ ಪ್ರಶ್ನೆಯನ್ನು. ವೈರ್ ಹಾಕಿದವರು ಪ್ರಶ್ನೆ ಕೇಳುವ ಬಾಯಿಯನ್ನೇ ಹೊಲಿದುಬಿಟ್ಟರು. ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಹಿಂದಿನವರು ಹೀಗೆ ಮಾಡಿದ್ದು ಗೊತ್ತೂ ಆಗುವುದಿಲ್ಲ.

ಇಷ್ಟನ್ನು ಓದಿ "ಹಾಗಾದರೆ ನಾನೇ ಮಾಡಬಹುದಲ್ಲ" ಅನಿಸಿದರೆ, ನನ್ನ ಅಭಿಪ್ರಾಯ ಬೇಡ ಎಂದೇ. ಪೆಟ್ಟಿಗೆ ಕೂರಿಸುವುದು ಕಷ್ಟವಲ್ಲ. ಒತ್ತಡ ಅಳೆದು, ಸೋರಿಕೆ ಪರೀಕ್ಷಿಸಿ, ಹೊಗೆ ಎಲ್ಲಿಗೆ ಹೋಗುತ್ತಿದೆ ಎಂದು ಉಪಕರಣ ಹಿಡಿದು ನೋಡುವುದು ತರಬೇತಾದ ಆರ್‌ವಿ ತಂತ್ರಜ್ಞರ ಕೆಲಸ. ಅವರು ಮಾಡುವಾಗ ಪಕ್ಕದಲ್ಲಿ ನಿಂತು ಕೇಳಲು ಏನೇನಿದೆ ಎಂದು ತಿಳಿದಿರುವುದೇ ಈ ಓದಿನ ಉಪಯೋಗ.

ಅಲಾರಂ ಕೂಗಲಿಲ್ಲ ಎಂದರೆ ಎಲ್ಲ ಸರಿಯೇ?

ಅಮೆರಿಕದ ಆರ್‌ವಿ ಮಾನದಂಡ ಎನ್‌ಎಫ್‌ಪಿಎ 1192 ಪ್ರಕಾರ ಗ್ಯಾಸ್ ಸೋರಿಕೆ ಅಲಾರಂ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡೂ ಬೇಕು. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಪ್ರೊಪೇನ್ ಅಲಾರಂ ನೆಲದ ಹತ್ತಿರ ಇರಬೇಕು. ಕಾರ್ಬನ್ ಮಾನಾಕ್ಸೈಡ್ "ಭಾರದ ಗಾಳಿ, ಕೆಳಗೇ ಇರುತ್ತೆ, ಮೇಲಿನ ಬಂಕ್‌ನಲ್ಲಿ ಮಲಗಿದರೆ ಸೇಫ್" ಎಂಬ ಇನ್ನೊಂದು ಫಾರ್ವರ್ಡ್ ಇದೆ. ಅದು ಗಾಳಿಗಿಂತ ಕೂದಲೆಳೆಯಷ್ಟು ಹಗುರ, ಕೋಣೆಯ ಗಾಳಿಯಲ್ಲಿ ಎಲ್ಲ ಕಡೆ ಬೆರೆಯುತ್ತದೆ. ಮಲಗುವ ಜಾಗದ ಬಳಿ, ತಯಾರಕರು ಹೇಳಿದ ಎತ್ತರದಲ್ಲಿ ಅದರ ಅಲಾರಂ ಇರಬೇಕು.

ಅಲಾರಂ ಮಾಡುವವರು ಸುಮ್ಮಸುಮ್ಮನೆ ಕೂಗದಂತೆ ಕಾಯುವ ಸಮಯ ಇಟ್ಟಿರುತ್ತಾರೆ. ಅಮೆರಿಕದ ಯುಎಲ್ 2034 ಮಾನದಂಡದಂತೆ 70 ಪಿಪಿಎಂ ಇದ್ದಾಗ ಒಂದರಿಂದ ನಾಲ್ಕು ಗಂಟೆಯೊಳಗೆ, 400 ಪಿಪಿಎಂ ಇದ್ದಾಗ 4ರಿಂದ 15 ನಿಮಿಷದೊಳಗೆ ಕೂಗಬೇಕು. ಹಾಗಾಗಿ ಅಲಾರಂ ಸುಮ್ಮನಿದ್ದರೂ ಮೈ ಹೇಳುವುದನ್ನು ಕೇಳಬೇಕು. ತಲೆನೋವು, ತಲೆಸುತ್ತು, ವಾಕರಿಕೆ. ಕೊಲರಾಡೊದಂಥ ಗುಡ್ಡದ ಸೀಮೆಯಲ್ಲಿ ಎತ್ತರಕ್ಕೆ ಹೋದಾಗ ಆಗುವುದೂ ಹೆಚ್ಚುಕಡಿಮೆ ಇದೇ, ಜನ ಹಾಗೆಂದುಕೊಂಡೇ ಒಂದು ಮಾತ್ರೆ ನುಂಗಿ ಮಲಗುತ್ತಾರೆ. ಗಾಡಿಯಲ್ಲಿದ್ದ ಎಲ್ಲರಿಗೂ, ನಾಯಿಗೂ, ಒಟ್ಟಿಗೇ ಹಾಗಾದರೆ, ಹೊರಗೆ ಹೋದಾಗ ಹಗುರಾಗಿ ಒಳಗೆ ಬಂದಾಗ ಮರುಕಳಿಸಿದರೆ ಅದು ಬೆಟ್ಟದ ತಲೆನೋವಲ್ಲ. ಎಲ್ಲರೂ ಹೊರಗೆ ಬಂದು, ತಲೆ ಎಣಿಸಿ, ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಬೇಕು. ಸಾಮಾನ್ಯ ಗಾಳಿಯಲ್ಲಿ ಈ ವಿಷ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಆಸ್ಪತ್ರೆಯ ಆಮ್ಲಜನಕದಲ್ಲಿ ಒಂದೂವರೆ ಗಂಟೆ ಸಾಕಾಗಬಹುದು. ಕೂಗಿದ್ದು ಪ್ರೊಪೇನ್ ಅಲಾರಂ ಆದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಫ್ಯಾನ್ ಕೂಡ ಹಾಕದೆ, ಹೊರಗೆ ಬಂದು ಸಿಲಿಂಡರ್ ಮುಚ್ಚಬೇಕು.

ಫರ್ನೇಸ್ ಎಷ್ಟೇ ಚೆನ್ನಾಗಿದ್ದರೂ ಈ ಅಲಾರಂ ಬೇಕೇ ಬೇಕು, ಏಕೆಂದರೆ ಗಾಡಿಯಲ್ಲಿ ಉರಿಯುವ ವಸ್ತು ಅದೊಂದೇ ಅಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನಲ್ಲಿ ಇಬ್ಬರು ಸತ್ತು ಸಿಕ್ಕಿದರು. ಹೀಟರ್ ಇರಲಿಲ್ಲ, ಅದು ಚಳಿಯ ಊರೂ ಅಲ್ಲ. ಜನರೇಟರಿನ ಹೊಗೆ ನೆಲದ ತೂತಿನಿಂದ ಒಳಗೆ ಬಂದಿತ್ತು ಎಂದು ತಪಾಸಣೆಯಲ್ಲಿ ಗೊತ್ತಾಯಿತು. ಕರ್ನಾಟಕದಲ್ಲೂ ಕ್ಯಾರವಾನ್‌ಗಳು ಓಡಾಡುತ್ತಿವೆ, ಟೆಂಪೊ ಟ್ರಾವೆಲರನ್ನೇ ಮನೆ ಮಾಡಿಕೊಳ್ಳುವವರೂ ಇದ್ದಾರೆ. ಬಾಡಿಗೆಗೆ ಹಿಡಿಯುವಾಗ ಎಸಿ, ಟಿವಿ ಕೇಳುವ ನಾವು ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯೇ ಎಂದು ಕೇಳುವುದಿಲ್ಲ.

ಅಣ್ಣ ಕೊನೆಗೆ ತಂತ್ರಜ್ಞರನ್ನೇ ಕರೆಸಿದ. ಹಳೇ ಫರ್ನೇಸನ್ನು ಬಿಚ್ಚಿದಾಗ ಕೊಳವೆಯ ತುಂಬ ಕಣಜದ ಮಣ್ಣು. ಗಾಡಿಯ ಜೊತೆ ಬಂದಿದ್ದ ಅಲಾರಂ ಟೆಸ್ಟ್ ಬಟನ್ ಒತ್ತಿದರೆ ಚೆನ್ನಾಗಿಯೇ ಕೂಗುತ್ತಿತ್ತು, ಆದರೆ ಹಿಂದೆ ತಿರುಗಿಸಿ ನೋಡಿದರೆ ಅವಧಿ ಮುಗಿದು ಆರು ವರ್ಷ. ಬಟನ್ ಪರೀಕ್ಷಿಸುವುದು ಬ್ಯಾಟರಿ, ಬಜರ್ ಮತ್ತು ಒಳಗಿನ ಸರ್ಕಿಟ್ಟನ್ನು. ಮುಪ್ಪಾದ ಸೆನ್ಸರ್ ಅನಿಲವನ್ನು ಗುರುತಿಸುತ್ತದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ. ಹೊಸ ಫರ್ನೇಸಿನ ಫೋಟೊ ಗ್ರೂಪಿಗೆ ಬಂದ ದಿನ ದೊಡ್ಡಮ್ಮ ಮತ್ತೆ ಅದೇ ಪ್ರಶ್ನೆ ಹಾಕಿದರು, ಈ ಸಲ ತಮ್ಮ ಮನೆಯದರ ಬಗ್ಗೆ. ದೊಡ್ಡಪ್ಪ ಎದ್ದು ಹೋಗಿ ನೋಡಿದರು. ಗೀಸರ್ ಬಚ್ಚಲೊಳಗೇ ಇತ್ತು, ಕೊಳವೆ ಇರಲಿಲ್ಲ, ಸೊಳ್ಳೆ ಬರುತ್ತದೆಂದು ವೆಂಟಿಲೇಟರಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಮರುವಾರ ಪ್ಲಂಬರ್ ಬಂದು ಅದನ್ನು ಹಿತ್ತಲಿನ ಗೋಡೆಗೆ ಬದಲಾಯಿಸಿ ಹೋದ.